ಕೀಮೋ ತೊಂದರೆಗೆ ಮನೆಮದ್ದೋ, ಚೀಟಿಯ ಮದ್ದೋ, ಪ್ರಯೋಗದ ಮದ್ದೋ?

ಕ್ಯಾನ್ಸರಿಗೆ ಯಾವ ಕೀಮೋ, ಎಷ್ಟು ಸಲ ಅನ್ನುವುದನ್ನು ಡಾಕ್ಟರೇ ನಿರ್ಧರಿಸುತ್ತಾರೆ. ಆದರೆ ಅದರಿಂದ ಬರುವ ವಾಂತಿ, ಬಾಯಿಹುಣ್ಣು, ಅಂಗಾಲು ಉರಿ, ಬೆರಳಿನ ಜೋಮು ಇವಕ್ಕೆಲ್ಲ ಏನು ಮಾಡುವುದು ಅನ್ನುವ ತೀರ್ಮಾನ ಬಹುಪಾಲು ಮನೆಯಲ್ಲೇ ಆಗುತ್ತದೆ. ಕುಂದಾಪುರದಿಂದ ಮಣಿಪಾಲಕ್ಕೆ, ಪುತ್ತೂರು, ಸುಳ್ಯದಿಂದ ಮಂಗಳೂರಿಗೆ ಬಂದು, ಕೀಮೋ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸ್ ಹೋಗುವವರು ಎಷ್ಟೋ ಜನ. ತೊಂದರೆ ಶುರುವಾಗುವುದು ಮನೆ ಮುಟ್ಟಿದ ಮೇಲೆ. ಆಗ ಕೈಯಲ್ಲಿ ಡಾಕ್ಟರ ಚೀಟಿ ಇರುತ್ತದೆ. ಪಕ್ಕದ ಮನೆಯವರು ಹೇಳಿದ ಕಷಾಯ ಇರುತ್ತದೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾಗಿದ್ದರೆ, "ಒಂದು ಸ್ಟಡಿ ನಡೀತಾ ಉಂಟು, ಸೇರ್ತೀರಾ?" ಅಂತ ಕೇಳಿದವರ ಮಾತೂ ತಲೆಯಲ್ಲಿ ಇರುತ್ತದೆ.

ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ತೊಂದರೆಗೆ ಅಂತ ಸೇರಿಸಿ ಕೇಳಬೇಕು. ವಾಂತಿಗೆ ಸಾವಿರಾರು ಜನರ ಮೇಲೆ ಪರೀಕ್ಷೆಯಾದ, ನಿಜಕ್ಕೂ ಕೆಲಸ ಮಾಡುವ ಮದ್ದುಗಳಿವೆ. ಅಲ್ಲಿ ಚೀಟಿಯ ಮದ್ದನ್ನು ಬಿಟ್ಟು ಬೇರೆ ಕಡೆ ನೋಡುವುದು ಸುಮ್ನೆ ನರಳಿದ ಹಾಗೆ. ಬೆರಳಿನ ಜೋಮು ಬರದ ಹಾಗೆ ತಡೆಯುವುದಕ್ಕೆ ನೆಚ್ಚಿಕೊಳ್ಳುವಂಥ ಮಾತ್ರೆಯೇ ಇಲ್ಲ. ಅಲ್ಲಿ ಪ್ರಯೋಗಕ್ಕೆ ಸೇರುವ ವಿಚಾರ ತೂಕದ್ದು. ಬಾಯಿಹುಣ್ಣು ಇವೆರಡರ ನಡುವೆ. ಹಾಗಾಗಿ ಒಂದೊಂದು ತೊಂದರೆಯನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ವಾಂತಿ, ಹೊಟ್ಟೆ ತೊಳಸುವುದು

ಎಲ್ಲ ಕೀಮೋದಿಂದಲೂ ಒಂದೇ ಥರ ವಾಂತಿ ಆಗುವುದಿಲ್ಲ. ಜಾಸ್ತಿ ಆಗುವುದು ಸಿಸ್‌ಪ್ಲಾಟಿನ್‌ನಿಂದ. ಹಾಗೆಯೇ ಸ್ತನ ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಡಾಕ್ಸೋರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಜೋಡಿಯಿಂದ. ಇಂಥ ಕೀಮೋ ಇದ್ದರೆ ಈಗಿನ ಪದ್ಧತಿ ನಾಲ್ಕು ಮದ್ದು ಒಟ್ಟಿಗೆ ಕೊಡುವುದು: ಒಂಡಾನ್‌ಸೆಟ್ರಾನ್ ಅಥವಾ ಪಾಲೊನೊಸೆಟ್ರಾನ್, ಅಪ್ರೆಪಿಟೆಂಟ್ ಅಥವಾ ಅದರ ಜಾತಿಯದು, ಡೆಕ್ಸಾಮೆಥಾಸೋನ್, ಮತ್ತೆ ಒಲಾನ್ಜಪೀನ್. ನಾಲ್ಕೂ ಬೇರೆ ಬೇರೆ ಕಡೆ ಕೆಲಸ ಮಾಡುತ್ತವೆ. ಒಂದು ಸಾಕಲ್ವಾ ಅಂತ ಉಳಿದವನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇವುಗಳಲ್ಲಿ ಯಾವುದು ಯಾರಿಗೆ ಅನ್ನುವುದೇ ನಿಜವಾದ ಹೋಲಿಕೆ. ಒಂಡಾನ್‌ಸೆಟ್ರಾನ್ ಕಡಿಮೆ ಬೆಲೆಯದು, ಎಲ್ಲ ಮೆಡಿಕಲ್‌ನಲ್ಲೂ ಸಿಗುತ್ತದೆ. ಆದರೆ ಅದರ ಪ್ರಭಾವ ಕೆಲವು ಗಂಟೆ ಮಾತ್ರ. ಮಲಬದ್ಧತೆ ಮಾಡುತ್ತದೆ, ಕೆಲವರಿಗೆ ತಲೆನೋವು ತರುತ್ತದೆ. ಪಾಲೊನೊಸೆಟ್ರಾನ್ ಒಂದು ಸಲ ಇಂಜೆಕ್ಷನ್ ಕೊಟ್ಟರೆ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ದೂರದ ಊರಿಗೆ ವಾಪಸ್ ಹೋಗುವವರಿಗೆ, ಮನೆಯಲ್ಲಿ ಮಾತ್ರೆ ನುಂಗಿದ ಕೂಡಲೇ ಕಕ್ಕುವವರಿಗೆ ಇದು ವಾಸಿ. ಅಪ್ರೆಪಿಟೆಂಟ್ ಉಳಿದವಕ್ಕಿಂತ ದುಬಾರಿ. ಮೂರು ದಿನದ ಕ್ಯಾಪ್ಸೂಲ್ ಕೊಟ್ಟಿದ್ದರೆ ಮೊದಲನೆಯದು ಕೀಮೋಗೆ ಒಂದು ಗಂಟೆ ಮುಂಚೆ ಹೊಟ್ಟೆ ಸೇರಬೇಕು. ಎರಡು ಮತ್ತು ಮೂರನೇ ದಿನದ್ದನ್ನು "ನಿನ್ನೆ ವಾಂತಿ ಆಗಲಿಲ್ಲವಲ್ಲ" ಅಂತ ಬಿಡುವವರಿದ್ದಾರೆ. ಸಿಸ್‌ಪ್ಲಾಟಿನ್ ವಾಂತಿ ಜೋರಾಗುವುದೇ ಎರಡನೇ ದಿನದಿಂದ. ಅದಕ್ಕಾಗಿಯೇ ಆ ಮಾತ್ರೆ ಕೊಟ್ಟದ್ದು.

ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್. ಶುಗರ್ ಇದ್ದವರಿಗೆ ಸಕ್ಕರೆ ಏರಿಸುತ್ತದೆ. ರಾತ್ರಿ ತಗೊಂಡರೆ ನಿದ್ರೆ ಓಡಿಸುತ್ತದೆ. ಒಲಾನ್ಜಪೀನ್ ಇದಕ್ಕೆ ತದ್ವಿರುದ್ಧ, ಮಂಪರು ತರಿಸುತ್ತದೆ. ಮೆಡಿಕಲ್‌ನವರು ಕವರಿನ ಮೇಲೆ ಪೆನ್ನಿನಲ್ಲಿ 1–0–0, 0–0–1 ಅಂತ ಬರೆದು ಕೊಡುತ್ತಾರಲ್ಲ, ಈ ಎರಡು ಕವರು ಅದಲು ಬದಲಾದರೆ ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಜಾಗರಣೆ. ಕವರಿನ ಮೇಲೆ ಕನ್ನಡದಲ್ಲಿ 'ಬೆಳಿಗ್ಗೆ', 'ರಾತ್ರಿ' ಅಂತ ದೊಡ್ಡದಾಗಿ ನೀವೇ ಬರೆದಿಡಿ.

ಒಲಾನ್ಜಪೀನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪ್ರಯೋಗ ಅಂದರೇನು, ಅದರಿಂದ ನಮಗೇನು ಸಿಕ್ಕಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇದು ಮೂಲದಲ್ಲಿ ಮಾನಸಿಕ ಕಾಯಿಲೆಯ ಮದ್ದು. ಚೀಟಿಯಲ್ಲಿ ಇದರ ಹೆಸರು ನೋಡಿ, ಮೊಬೈಲಿನಲ್ಲಿ ಹುಡುಕಿ, "ನಮ್ಮ ಅಮ್ಮನಿಗೇನು ತಲೆ ಕೆಟ್ಟಿದೆಯಾ?" ಅಂತ ಸಿಟ್ಟಾಗುವ ಮಕ್ಕಳಿದ್ದಾರೆ. ವಿಷಯ ಹಾಗಲ್ಲ. 2016ರಲ್ಲಿ ಅಮೆರಿಕದಲ್ಲಿ 380 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ ಫಲಿತಾಂಶ ಬಂತು. ಎಲ್ಲರಿಗೂ ಉಳಿದ ಮೂರು ಮದ್ದು ಕೊಟ್ಟಿದ್ದರು. ಅರ್ಧ ಜನಕ್ಕೆ ಜೊತೆಗೆ 10 ಮಿಲಿಗ್ರಾಂ ಒಲಾನ್ಜಪೀನ್, ಇನ್ನರ್ಧಕ್ಕೆ ಮದ್ದಿಲ್ಲದ ಮಾತ್ರೆ. ಮೊದಲ 24 ಗಂಟೆಯಲ್ಲಿ ಹೊಟ್ಟೆ ತೊಳಸದೇ ಇದ್ದವರು ಒಲಾನ್ಜಪೀನ್ ತಗೊಂಡವರಲ್ಲಿ 100ಕ್ಕೆ 74, ಇಲ್ಲದವರಲ್ಲಿ 100ಕ್ಕೆ 45. ದೊಡ್ಡ ವ್ಯತ್ಯಾಸ.

ಆದರೆ ನಿದ್ರೆಯ ಕಾಟ. ನಮ್ಮ ಚಿಕ್ಕಮ್ಮ ಕೆಂಪು ಕೀಮೋ ಆದ ಮರುದಿನ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಎಬ್ಬಿಸಿ ಕೂರಿಸಿದರೆ ಗಂಜಿಯ ಬಟ್ಟಲು ಕೈಯಲ್ಲೇ ವಾಲುತ್ತಿತ್ತು. ವಾಂತಿ ಇಲ್ಲ ನಿಜ, ಆದರೆ ನೀರೂ ಕುಡಿಯದೆ ಮಲಗಿದರೆ ಏನು ಪ್ರಯೋಜನ? ಡಾಕ್ಟರಿಗೆ ಹೇಳಿದಾಗ ಡೋಸ್ ಇಳಿಸಿದರು. ಹಾಗೆ ಇಳಿಸಬಹುದು ಅನ್ನುವುದಕ್ಕೂ ಪ್ರಯೋಗಗಳೇ ಆಧಾರ. ಜಪಾನಿನಲ್ಲಿ 710 ಜನರ ಮೇಲೆ 5 ಮಿಲಿಗ್ರಾಂ ಮಾತ್ರೆಯನ್ನು ರಾತ್ರಿ ಊಟದ ನಂತರ ಕೊಟ್ಟು ನೋಡಿದ ಫಲಿತಾಂಶ 2020ರಲ್ಲಿ ಬಂತು. ಅದೂ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಮುಂಬೈಯ ಟಾಟಾ ಮೆಮೋರಿಯಲ್‌ನವರು ಇನ್ನೂ ಕೆಳಗಿಳಿದು 2.5 ಮಿಲಿಗ್ರಾಂ ಮತ್ತು 10 ಮಿಲಿಗ್ರಾಂ ಎರಡನ್ನೂ 275 ಜನರಲ್ಲಿ ಹೋಲಿಸಿದರು. 2024ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ವಾಂತಿ ತಡೆಯುವುದರಲ್ಲಿ ಚಿಕ್ಕ ಡೋಸ್ ಹಿಂದೆ ಬೀಳಲಿಲ್ಲ. ಹಗಲಿನ ಮಂಪರು ಮಾತ್ರ ಬಹಳ ಕಡಿಮೆ ಆಯಿತು.

ನಾನು ಇದನ್ನು ಓದಿದಾಗ ನಿಜಕ್ಕೂ ಮನಸ್ಸು ತುಂಬಿ ಬಂತು. ನಮ್ಮ ದೇಶದ 275 ಜನ, ಅವರೂ ಕೀಮೋ ಸಂಕಟದಲ್ಲೇ ಇದ್ದವರು, 'ನಮ್ಮ ಮೇಲೆ ನೋಡಿ' ಅಂತ ಒಪ್ಪಿದ್ದರಿಂದ ಇವತ್ತು ಉಡುಪಿಯ ಒಬ್ಬ ಅಜ್ಜಿ ಕಾಲು ಮಾತ್ರೆ ನುಂಗಿ ಬೆಳಿಗ್ಗೆ ಎದ್ದು ಕೂರಬಹುದು. ಹಾಗಂತ ನೀವೇ ಮಾತ್ರೆ ಮುರಿಯಬೇಡಿ. "ಡಾಕ್ಟರೇ, ನಿದ್ರೆ ಜಾಸ್ತಿ ಆಗ್ತದೆ, ಡೋಸ್ ಕಡಿಮೆ ಮಾಡಬಹುದಾ?" ಅಂತ ಕೇಳಿ. ಕೇಳುವ ಹಕ್ಕು ನಿಮ್ಮದು.

ಶುಂಠಿ ಸಾಕಾಗುವುದಿಲ್ಲವಾ ಅಂತ ಕೇಳುವವರಿಗೆ: ಶುಂಠಿಯನ್ನೂ ಪರೀಕ್ಷಿಸಿದ್ದಾರೆ. 2012ರಲ್ಲಿ ಅಮೆರಿಕದಿಂದ 576 ಜನರ ಫಲಿತಾಂಶ ಬಂತು. ಕೀಮೋಗೆ ಮೂರು ದಿನ ಮುಂಚಿನಿಂದ ಶುಂಠಿ ಕ್ಯಾಪ್ಸೂಲ್ ಕೊಟ್ಟಿದ್ದರು. ಮೊದಲ ದಿನದ ಹೊಟ್ಟೆ ತೊಳಸುವಿಕೆ ಕಡಿಮೆಯಾಯಿತು. ದಿನಕ್ಕೆ ಅರ್ಧ ಗ್ರಾಂ, ಒಂದು ಗ್ರಾಂ ತಗೊಂಡವರಿಗೆ ಹೆಚ್ಚು ಗುಣ ಕಂಡಿತು. ಒಂದೂವರೆ ಗ್ರಾಂ ತಗೊಂಡವರಿಗೆ ಅದಕ್ಕಿಂತ ಲಾಭ ಆಗಲಿಲ್ಲ. ಅವರೆಲ್ಲರೂ ವಾಂತಿಯ ಮದ್ದನ್ನೂ ತಗೊಳ್ಳುತ್ತಿದ್ದರು ಅನ್ನುವುದನ್ನು ಮರೆಯಬಾರದು. ಶುಂಠಿ ಜೊತೆಗಾರ, ಬದಲಿ ಅಲ್ಲ.

ಹಾಗಾಗಿ ವಾಂತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಚೀಟಿಯ ಮದ್ದು ಮೊದಲು, ಪೂರ್ತಿ, ಹೊತ್ತಿಗೆ ಸರಿಯಾಗಿ. ಪ್ರಯೋಗಕ್ಕೆ ಕರೆದರೆ ಒಂದೇ ಪ್ರಶ್ನೆ ಸಾಕು: "ಈಗ ಎಲ್ಲರಿಗೂ ಕೊಡುವ ಮದ್ದು ನನಗೂ ಸಿಗುತ್ತದಾ?" ಅದರ ಮೇಲೆ ಹೊಸದು ಸೇರಿಸುವುದಾದರೆ ಯೋಚಿಸಬಹುದು. ಅದನ್ನು ತೆಗೆದು ಮದ್ದಿಲ್ಲದ ಮಾತ್ರೆ ಕೊಡುವ ಹಾಗಿದ್ದರೆ ಬೇಡ ಅನ್ನಿ.

ಬಾಯಿಹುಣ್ಣು

ಕರಾವಳಿಯಲ್ಲಿ ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಹಳೆಯದು. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ತಗೊಳ್ಳುವವರೂ ಅಷ್ಟೇ ಇದ್ದಾರೆ. ಅವರಿಗೆ ಎರಡು ಮೂರು ವಾರ ಆಗುವಷ್ಟರಲ್ಲಿ ಬಾಯಿಯ ಒಳಪದರ ಸುಲಿದು ಹುಣ್ಣಾಗುತ್ತದೆ. ಉಗುಳು ನುಂಗುವುದೂ ಕಷ್ಟ. ಊಟ ಬಿಟ್ಟು ತೂಕ ಇಳಿದು, ಚಿಕಿತ್ಸೆಯನ್ನೇ ನಡುವೆ ನಿಲ್ಲಿಸಬೇಕಾಗಿ ಬರುವುದೂ ಉಂಟು. ರೇಡಿಯೇಷನ್ ನಡುವೆ ನಿಂತರೆ ಗೆಡ್ಡೆಗೆ ಲಾಭ. ಆದ್ದರಿಂದ ಬಾಯಿಹುಣ್ಣನ್ನು ಸಣ್ಣ ವಿಷಯ ಅಂತ ತಳ್ಳಿಹಾಕುವ ಹಾಗಿಲ್ಲ.

ಇಲ್ಲಿ ಮಂಗಳೂರಿನವರು ಹೆಮ್ಮೆ ಪಡಬೇಕಾದ ಎರಡು ಪ್ರಯೋಗಗಳಿವೆ. ಒಂದು, ಮಂಗಳೂರು ಮತ್ತು ಮಣಿಪಾಲದ ಕೆಎಂಸಿ (ಕಸ್ತೂರ್ಬಾ ಮೆಡಿಕಲ್ ಕಾಲೇಜು) ತಂಡದ್ದು. ಕೀಮೋ ಮತ್ತು ರೇಡಿಯೇಷನ್ ಎರಡೂ ತಗೊಳ್ಳುತ್ತಿದ್ದ 221 ತಲೆ ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ಅರ್ಧ ಜನಕ್ಕೆ ಕಡಿಮೆ ಶಕ್ತಿಯ ಲೇಸರ್ ಬೆಳಕು ಕೊಟ್ಟರು, ಉಳಿದವರಿಗೆ ಲೇಸರ್ ಕೊಟ್ಟ ಹಾಗೆ ಮಾತ್ರ ಮಾಡಿದರು. 2012ರಲ್ಲಿ ಬಂದ ಫಲಿತಾಂಶದಲ್ಲಿ ಲೇಸರ್ ಸಿಕ್ಕವರಿಗೆ ತೀವ್ರ ಹುಣ್ಣು, ನೋವು, ನುಂಗುವ ಕಷ್ಟ ಎಲ್ಲ ಕಡಿಮೆ. ನೋವಿಗೆ ಮಾರ್ಫಿನ್ ಜಾತಿಯ ಮದ್ದಿನ ಅಗತ್ಯವೂ ಕಡಿಮೆ ಬಿತ್ತು. ಈಗ ಜಗತ್ತಿನ ಮಾರ್ಗಸೂಚಿಗಳಲ್ಲೂ ಈ ಬೆಳಕಿನ ಚಿಕಿತ್ಸೆಗೆ ಜಾಗ ಇದೆ. ಎಲ್ಲ ಆಸ್ಪತ್ರೆಯಲ್ಲೂ ಯಂತ್ರ ಇರುವುದಿಲ್ಲ. ರೇಡಿಯೇಷನ್ ಶುರುವಾಗುವ ಮೊದಲೇ "ಬಾಯಿಹುಣ್ಣಿಗೆ ಲೇಸರ್ ನಿಮ್ಮಲ್ಲಿ ಉಂಟಾ?" ಅಂತ ವಿಚಾರಿಸಿ. ಹುಣ್ಣಾದ ಮೇಲೆ ಕೇಳುವುದಕ್ಕಿಂತ ಮುಂಚೆ ಕೇಳುವುದು ಎಷ್ಟೋ ಮೇಲು.

ಇನ್ನೊಂದು, ಪಂಪ್‌ವೆಲ್‌ನ ಮಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿಯಲ್ಲಿ ಅರಿಶಿನದ ನೀರಿನ ಮೇಲೆ ನಡೆದದ್ದು. ಸುಮಾರು 80 ರೋಗಿಗಳು. ಕೆಲವರು ಅರಿಶಿನ ಕಲಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿದರು, ಕೆಲವರು ಪೋವಿಡೋನ್ ಅಯೋಡಿನ್‌ನಲ್ಲಿ. ಅರಿಶಿನದವರಿಗೆ ಹುಣ್ಣು ತಡವಾಗಿ ಬಂತು, ಕಡಿಮೆ ಬಂತು. 2014ರಲ್ಲಿ ಇದು ಪ್ರಕಟವಾಯಿತು. ಮನೆಮದ್ದನ್ನು ಹೀಗೆ ಪರೀಕ್ಷೆಗೆ ಒಡ್ಡಿದರೆ ಅದು ಮನೆಮದ್ದಾಗಿ ಉಳಿಯುವುದಿಲ್ಲ, ಮದ್ದಾಗುವ ದಾರಿ ಹಿಡಿಯುತ್ತದೆ. ಆ ಡಾಕ್ಟರುಗಳ ಮೇಲೆ ನನಗೆ ಗೌರವ ಇದೆ.

ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಹಾಗಿಲ್ಲ. ಅರಿಶಿನದ ಪ್ರಯೋಗ ಚಿಕ್ಕದು. ಅದರ ಬಣ್ಣ, ರುಚಿ ಮುಚ್ಚಿಡಲಿಕ್ಕೂ ಆಗುವುದಿಲ್ಲ. ಅರಿಶಿನ ಬಾಯಲ್ಲಿದ್ದರೆ ರೋಗಿಗೆ ಗೊತ್ತಾಗಿಯೇ ಆಗುತ್ತದೆ. ಲೇಸರ್ ಪ್ರಯೋಗದಲ್ಲಿ ಯಾರಿಗೆ ನಿಜವಾಗಿ ಬೆಳಕು ಬಿತ್ತು ಅನ್ನುವುದು ರೋಗಿಗೂ ಗೊತ್ತಿರಲಿಲ್ಲ, ಹುಣ್ಣು ಅಳೆದವರಿಗೂ ಗೊತ್ತಿರಲಿಲ್ಲ. ಹಾಗಾಗಿ ಲೇಸರ್ ಸಿಕ್ಕರೆ ಲೇಸರ್. ಸಿಗದಿದ್ದರೆ ಡಾಕ್ಟರಿಗೆ ಹೇಳಿ ಅರಿಶಿನದ ನೀರು ಮುಕ್ಕಳಿಸಬಹುದು, ಮುಕ್ಕಳಿಸಿ ಉಗುಳುವುದರಿಂದ ನಷ್ಟ ಕಡಿಮೆ. ಅಂಗಡಿಯಲ್ಲಿ ಸಿಗುವ ಸಾಂದ್ರ ಅರಿಶಿನದ ಕ್ಯಾಪ್ಸೂಲ್ ನುಂಗುವುದು ಬೇರೆಯೇ ಕಥೆ. ಅದು ಹೊಟ್ಟೆಗೆ ಹೋಗಿ, ಲಿವರ್ ದಾಟಿ, ಉಳಿದ ಮದ್ದುಗಳ ಜೊತೆ ಬೆರೆಯುತ್ತದೆ. ಗಾರ್ಗಲ್‌ಗೆ ಬಂದ ಫಲಿತಾಂಶವನ್ನು ಕ್ಯಾಪ್ಸೂಲ್ ಮಾರಲಿಕ್ಕೆ ಉಪಯೋಗಿಸುವವರಿದ್ದಾರೆ, ಹುಷಾರು.

ಚೀಟಿಯಲ್ಲಿ ಸಾಮಾನ್ಯವಾಗಿ ಬರುವುದು ಬೆಂಜಿಡಮೈನ್ ಮೌತ್‌ವಾಶ್. ರೇಡಿಯೇಷನ್ ಹುಣ್ಣಿಗೆ ಇದು ಪರೀಕ್ಷೆಯಾದ ಮದ್ದು. ಉರಿ ಅನಿಸಿದರೆ ನೀರು ಬೆರೆಸಬಹುದಾ ಅಂತ ಕೇಳಿ. ಉಪ್ಪು, ಅಡುಗೆ ಸೋಡಾ ಹಾಕಿದ ಉಗುರುಬೆಚ್ಚಗಿನ ನೀರು ಹುಣ್ಣು ತಡೆಯುವುದಿಲ್ಲ, ಆದರೆ ಬಾಯಿ ಚೊಕ್ಕವಾಗಿಡುತ್ತದೆ, ಹಿತ ಕೊಡುತ್ತದೆ. ಕೆಲವು ಕೀಮೋಗೆ ಐಸ್ ಸಾಕು. 5 ಎಫ್‌ಯು ಅನ್ನುವ ಕೀಮೋ ಇಂಜೆಕ್ಷನ್ ಒಮ್ಮೆಲೇ ಕೊಡುವಾಗ ಅರ್ಧ ಗಂಟೆ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಬಾಯಿಯ ರಕ್ತನಾಳ ಕುಗ್ಗಿ ಮದ್ದು ಅಲ್ಲಿಗೆ ಕಡಿಮೆ ಹೋಗುತ್ತದೆ. ಇದಕ್ಕೆ ಒಳ್ಳೆಯ ಆಧಾರ ಇದೆ. ಖರ್ಚೂ ಇಲ್ಲ. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಕೊಡುತ್ತಿದ್ದರೆ ಮಾತ್ರ ಐಸ್ ಬೇಡ. ಅದು ತಣ್ಣಗಿನದು ತಾಗಿದರೆ ಗಂಟಲು ಹಿಡಿದ ಹಾಗೆ ಮಾಡುತ್ತದೆ.

ಊಟದ ಮಾತು ಒಂದೆರಡು. ಕುಚ್ಚಲಕ್ಕಿ ಗಂಜಿಗೆ ತುಪ್ಪ ಹಾಕಿ, ಅರೆದು, ಆರಿಸಿ ಕೊಡಿ. ಉಪ್ಪಿನಕಾಯಿ, ಮೀನಿನ ಗಸಿ ಸ್ವಲ್ಪ ದಿನ ದೂರ ಇರಲಿ. ಪುನರ್ಪುಳಿ (ಕೋಕಂ) ಶರಬತ್ತು ಹೊಟ್ಟೆ ತೊಳಸುವವರಿಗೆ ಹಿತ, ಬಾಯಿ ಹುಣ್ಣಾದವರಿಗೆ ಹುಳಿ ತಾಗಿ ಪ್ರಾಣ ಹೋಗುತ್ತದೆ. ಬೊಂಡ (ಎಳನೀರು) ಸಾಮಾನ್ಯವಾಗಿ ಒಳ್ಳೆಯದೇ, ಆದರೆ ಸಿಸ್‌ಪ್ಲಾಟಿನ್ ಕಿಡ್ನಿಗೆ ತೊಂದರೆ ಮಾಡಬಹುದು. ಕಿಡ್ನಿ ರಿಪೋರ್ಟ್ ಏರುಪೇರಾಗಿದ್ದರೆ ಪೊಟ್ಯಾಷಿಯಂ ಇರುವ ಬೊಂಡವನ್ನೂ ಕೇಳಿಯೇ ಕುಡಿಯಬೇಕು.

ಅಂಗೈ, ಅಂಗಾಲು ಉರಿ

ಕೇಪ್‌ಸಿಟಬೀನ್ ಅನ್ನುವ ಕೀಮೋ ಮಾತ್ರೆ ತಗೊಳ್ಳುವವರಿಗೆ ಅಂಗೈ, ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತದೆ. ಚಪ್ಪಲಿ ಹಾಕಲಿಕ್ಕಾಗುವುದಿಲ್ಲ, ಪಾತ್ರೆ ಹಿಡಿಯಲಿಕ್ಕಾಗುವುದಿಲ್ಲ. ಇದಕ್ಕೆ ದೆಹಲಿಯ ಏಮ್ಸ್‌ನವರು ಒಂದು ಸರಳ ಮದ್ದು ಪರೀಕ್ಷಿಸಿದರು. ಬೆನ್ನುನೋವಿಗೆ ಹಚ್ಚುವ ಡೈಕ್ಲೋಫೆನಾಕ್ 1 ಶೇಕಡಾ ಜೆಲ್ ಗೊತ್ತಲ್ಲ, ಅದೇ. 263 ಜನರಲ್ಲಿ ಅರ್ಧ ಜನ ಆ ಜೆಲ್ಲನ್ನು, ಅರ್ಧ ಜನ ಮದ್ದಿಲ್ಲದ ಜೆಲ್ಲನ್ನು ದಿನಕ್ಕೆ ಎರಡು ಸಲ ಹಚ್ಚಿದರು. ಜೋರಾಗಿ ಚರ್ಮ ಸುಲಿದವರು ಡೈಕ್ಲೋಫೆನಾಕ್ ಹಚ್ಚಿದವರಲ್ಲಿ 100ಕ್ಕೆ 4ರಷ್ಟೂ ಇಲ್ಲ, ಇನ್ನೊಂದು ಗುಂಪಿನಲ್ಲಿ 100ಕ್ಕೆ 15. ಇದು ಬಂದದ್ದು 2024ರಲ್ಲಿ, ಅಂದರೆ ತೀರಾ ಹಳೆಯದಲ್ಲ. ಹೊಸ ಕಂಪನಿ ಮದ್ದೂ ಅಲ್ಲ, ದುಬಾರಿಯೂ ಅಲ್ಲ. ಕೇಪ್‌ಸಿಟಬೀನ್ ಶುರು ಮಾಡುವಾಗಲೇ ಡಾಕ್ಟರ ಹತ್ತಿರ ಇದರ ಮಾತೆತ್ತಿ. ಜೆಲ್ ಹಚ್ಚುವುದನ್ನೇ ಡೈಕ್ಲೋಫೆನಾಕ್ ಮಾತ್ರೆ ನುಂಗುವುದು ಅಂತ ತಿಳಿಯಬೇಡಿ. ಮಾತ್ರೆ ಕಿಡ್ನಿಗೂ ಹೊಟ್ಟೆಗೂ ತೊಂದರೆ ಮಾಡಬಲ್ಲದು.

ರೇಡಿಯೇಷನ್ ಬಿದ್ದ ಜಾಗದ ಚರ್ಮಕ್ಕೂ ಮಂಗಳೂರಿನಲ್ಲೇ ಅರಿಶಿನ ಮತ್ತು ಗಂಧದೆಣ್ಣೆಯ ಕ್ರೀಮ್ ಹಚ್ಚಿ ನೋಡಿದ್ದಾರೆ. ಬೇಬಿ ಆಯಿಲ್‌ಗಿಂತ ವಾಸಿ ಅನ್ನುವ ಫಲಿತಾಂಶ ಬಂತು. 50 ಜನರ ಪ್ರಾರಂಭಿಕ ಪ್ರಯೋಗ ಅಷ್ಟೇ. ನಮ್ಮ ಸೆಕೆ, ಬೆವರಿಗೆ ಚರ್ಮ ಬೇಗ ಕಿತ್ತು ಬರುತ್ತದೆ. ಸಡಿಲ ಹತ್ತಿ ಬಟ್ಟೆ, ತಣ್ಣೀರು ಹಿತ ಕೊಡುತ್ತವೆ.

ಬೆರಳಿನ ಜೋಮು

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್ ಕೀಮೋಗಳಿಂದ ಬೆರಳ ತುದಿ ಜುಮುಜುಮು ಅಂತ ಶುರುವಾಗಿ ಮರಗಟ್ಟುತ್ತದೆ. ಮಲ್ಲಿಗೆ ಕಟ್ಟುವವರಿಗೆ, ಬೀಡಿ ಕಟ್ಟುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಇಲ್ಲಿ ಚೀಟಿಯ ಮದ್ದಿನ ಕಪಾಟು ಹೆಚ್ಚು ಕಡಿಮೆ ಖಾಲಿ. 'ನರದ ಮಾತ್ರೆ' ಅಂತ ಬಿ12 ಕೊಡುತ್ತಾರೆ. ಮೈಯಲ್ಲಿ ಬಿ12 ಕೊರತೆ ಇದ್ದರೆ ಅದು ಬೇಕು, ಇಲ್ಲದಿದ್ದರೆ ಕೀಮೋ ಜೋಮಿಗೆ ಅದು ಸಾಬೀತಾದ ಮದ್ದಲ್ಲ. ಗ್ಯಾಬಪೆಂಟಿನ್ ಕೂಡ ಬಹಳ ಕಡೆ ಬರೆಯುತ್ತಾರೆ, ಆದರೆ 2007ರಲ್ಲಿ 115 ಜನರ ಮೇಲಿನ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ. ನೋವು ಇರುವ ಜೋಮಿಗೆ ಗುಣ ತೋರಿಸಿದ್ದು ಡುಲಾಕ್ಸಿಟೀನ್. 2013ರಲ್ಲಿ 231 ಜನರ ಪ್ರಯೋಗದಲ್ಲಿ ಅದನ್ನು ತಗೊಂಡವರಲ್ಲಿ 100ಕ್ಕೆ 59 ಜನರಿಗೆ ನೋವು ಇಳಿಯಿತು, ಮದ್ದಿಲ್ಲದ ಮಾತ್ರೆಯವರಲ್ಲಿ 38 ಜನರಿಗೆ. ಅದೂ ನೋವಿಗೆ. ಜೋಮು ಬರದ ಹಾಗೆ ಮಾಡುವ ಮಾತ್ರೆ ಇನ್ನೂ ಸಿಕ್ಕಿಲ್ಲ.

ಅದೇ 2013ರಲ್ಲಿ ಇನ್ನೊಂದು ಫಲಿತಾಂಶ ಬಂತು. ಅಸಿಟೈಲ್ ಎಲ್ ಕಾರ್ನಿಟಿನ್ ಅಂತ ಒಂದು ಪೂರಕ ಇದೆ. ನರಕ್ಕೆ ಒಳ್ಳೆಯದು ಅಂತ ಎಲ್ಲರೂ ನಂಬಿದ್ದರು. ಸ್ತನ ಕ್ಯಾನ್ಸರಿನ 409 ಮಹಿಳೆಯರ ಮೇಲೆ ಸರಿಯಾಗಿ ಪರೀಕ್ಷಿಸಿದಾಗ, 24 ವಾರ ಆದ ಮೇಲೆ ಅದನ್ನು ತಗೊಂಡವರ ಜೋಮು ತಗೊಳ್ಳದವರಿಗಿಂತ ಜಾಸ್ತಿಯಾಗಿತ್ತು. ತೊಂದರೆ ಇಲ್ಲದ ಟಾನಿಕ್ ಅಂತ ಅಂದುಕೊಂಡದ್ದು ತೊಂದರೆ ಕೊಟ್ಟಿತು. ಪರೀಕ್ಷೆ ಮಾಡದಿದ್ದರೆ ಇವತ್ತಿಗೂ ಅದನ್ನೇ ಬರೆಯುತ್ತಿದ್ದರು. ಆದ್ದರಿಂದ ಜೋಮಿನ ವಿಷಯದಲ್ಲಿ ಯಾರಾದರೂ ಪ್ರಯೋಗಕ್ಕೆ ಕರೆದರೆ ನಾನು ಅದರ ಪರ. ಬಿಟ್ಟುಕೊಡಬೇಕಾದ ಒಳ್ಳೆಯ ಮದ್ದು ಇಲ್ಲಿ ಇಲ್ಲ.

ಹಸಿವಿಲ್ಲದೆ ತೂಕ ಇಳಿಯುವವರಿಗೂ ಒಂದು ಒಳ್ಳೆಯ ಸುದ್ದಿ ಇದೆ. ಪುದುಚೇರಿಯ ಜಿಪ್ಮರ್ ಆಸ್ಪತ್ರೆಯಲ್ಲಿ ಹೊಟ್ಟೆ, ಲಿವರ್, ಶ್ವಾಸಕೋಶ ಮುಂತಾದ ಕ್ಯಾನ್ಸರ್ ಇದ್ದ 124 ಜನರಲ್ಲಿ ಅದೇ ಒಲಾನ್ಜಪೀನ್ 2.5 ಮಿಲಿಗ್ರಾಂ ದಿನಾ ಕೊಟ್ಟು ನೋಡಿದರು. ತೂಕ 5 ಶೇಕಡಾಕ್ಕಿಂತ ಏರಿದವರು ಅದರಲ್ಲಿ 100ಕ್ಕೆ 60, ಮದ್ದಿಲ್ಲದ ಮಾತ್ರೆಯಲ್ಲಿ 9. 2023ರ ಫಲಿತಾಂಶ ಇದು.

ಕಷಾಯದ ಬಗ್ಗೆ

ಜೀರಿಗೆ, ಕೊತ್ತಂಬರಿ ಕಷಾಯ ಒಂದು ಲೋಟ ಕುಡಿದರೆ ಯಾರೂ ಬೇಡ ಅನ್ನುವುದಿಲ್ಲ. ಅಮೃತಬಳ್ಳಿಯಂಥದ್ದು ಹಾಗಲ್ಲ. 2021ರಲ್ಲಿ ಮುಂಬೈ ಡಾಕ್ಟರುಗಳು ಅಮೃತಬಳ್ಳಿ ಸೇವಿಸಿದ ಆರು ಜನರಿಗೆ ಲಿವರಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಕೀಮೋ ಮದ್ದುಗಳಲ್ಲಿ ಬಹಳಷ್ಟನ್ನು ಕರಗಿಸಿ ಹೊರಹಾಕುವುದು ಲಿವರೇ. ಆ ಹೊತ್ತಿನಲ್ಲಿ ಅದರ ಮೇಲೆ ಇನ್ನೊಂದು ಭಾರ ಹಾಕುವುದು ಬೇಡ. ಏನು ಕುಡಿಯುತ್ತಿದ್ದೀರಿ ಅಂತ ಡಾಕ್ಟರಿಗೆ ಮುಚ್ಚಿಡುವುದಂತೂ ಬೇಡವೇ ಬೇಡ. ಬೈಯುತ್ತಾರೆ ಅಂತ ಹೆದರಿ ಹೇಳದವರೇ ಜಾಸ್ತಿ. ಬೈದರೂ ಪರವಾಗಿಲ್ಲ, ಹೇಳಿ.

ಒಂದು ವಿಷಯಕ್ಕೆ ಮಾತ್ರ ಮನೆಮದ್ದೂ ಇಲ್ಲ, ಪ್ರಯೋಗವೂ ಇಲ್ಲ: ಜ್ವರ. ಕೀಮೋ ನಡೆಯುವಾಗ ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಂದರೆ ಪ್ಯಾರಾಸಿಟಮಾಲ್ ನುಂಗಿ ಕಾಯಬೇಡಿ. ನಮ್ಮಲ್ಲಿ ಮಳೆಗಾಲ ಅಂದರೆ ಮಲೇರಿಯಾ, ಡೆಂಗಿ. "ಊರಲ್ಲೆಲ್ಲ ಉಂಟು, ಇವರಿಗೂ ಬಂದಿದೆ" ಅಂತ ಬೆಳಗಿನವರೆಗೆ ಕಾಯುವುದು ಸಹಜ. ಬಿಳಿ ರಕ್ತಕಣ ಇಳಿದಿರುವಾಗ ಸೋಂಕು ಕೆಲವೇ ಗಂಟೆಯಲ್ಲಿ ಏರುತ್ತದೆ. ರಾತ್ರಿ ಎರಡು ಗಂಟೆಯಾದರೂ ಹೊರಡಿ.

ಪ್ರಯೋಗಕ್ಕೆ ಕರೆದಾಗ

ಸಾಮಾನ್ಯವಾಗಿ ಮಾತು ಹೀಗೆ ನಡೆಯುತ್ತದೆ. "ಅಮ್ಮ, ಇದು ಕ್ಯಾನ್ಸರಿನ ಮದ್ದಲ್ಲ. ಕೈ ಜೋಮು ಹಿಡಿಯದ ಹಾಗೆ ಆಗ್ತದಾ ಅಂತ ನೋಡ್ಲಿಕ್ಕೆ ಒಂದು ಮಾತ್ರೆ. ಅರ್ಧ ಜನರ ಮಾತ್ರೆಯಲ್ಲಿ ಮದ್ದು ಇರ್ತದೆ, ಅರ್ಧ ಜನರದ್ದರಲ್ಲಿ ಇರುವುದಿಲ್ಲ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರುವುದಿಲ್ಲ."

"ಹಾಗಾದ್ರೆ ನನಗೆ ಸುಳ್ಳು ಮಾತ್ರೆ ಸಿಕ್ಕಿದ್ರೆ?"

ಈ ಪ್ರಶ್ನೆ ಕೇಳದವರಿಲ್ಲ. ಸುಳ್ಳು ಮಾತ್ರೆ ಸಿಕ್ಕರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಬಾರದು, ಅದು ಮುಖ್ಯ. ಮದ್ದಿರುವ ಮಾತ್ರೆ ಸಿಕ್ಕಿದರೇ ಅದೃಷ್ಟ ಅಂತಲೂ ಹೇಳಲಿಕ್ಕಾಗುವುದಿಲ್ಲ. ಆ 409 ಮಹಿಳೆಯರಲ್ಲಿ ಸುಳ್ಳು ಮಾತ್ರೆ ಸಿಕ್ಕವರೇ ಚೆನ್ನಾಗಿದ್ದರು.

ಸಹಿ ಹಾಕುವ ಮುಂಚೆ ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕನ್ನಡದ್ದು ಕೇಳಿ. ತುಳು, ಬ್ಯಾರಿ, ಕೊಂಕಣಿ ಮಾತಾಡುವ ಹಿರಿಯರಿಗೆ ಅವರ ಮಾತಿನಲ್ಲೇ ವಿವರಿಸಿ ಅಂತ ಕೇಳಿ. ಓದಲಿಕ್ಕೆ ಬರದವರಿದ್ದರೆ ಪ್ರಯೋಗಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಇರಬೇಕು. ಅಲ್ಲೇ ಸಹಿ ಹಾಕಬೇಕೆಂದಿಲ್ಲ. ಮನೆಗೆ ಒಯ್ದು, ಮಗನಿಗೋ ಸೊಸೆಗೋ ತೋರಿಸಿ, ಮುಂದಿನ ಸಲ ಹೇಳುತ್ತೇನೆ ಅನ್ನಬಹುದು. ಸಹಿಯಾದ ಪ್ರತಿ ನಿಮಗೂ ಸಿಗಬೇಕು. ಅದರಲ್ಲಿ ಎಥಿಕ್ಸ್ ಕಮಿಟಿಯ, ಅಂದರೆ ಪ್ರಯೋಗ ನ್ಯಾಯವಾಗಿ ನಡೆಯುತ್ತದಾ ಅಂತ ನೋಡುವ ಸಮಿತಿಯ, ಸಂಪರ್ಕ ಇದೆಯಾ ನೋಡಿ. ಆಸ್ಪತ್ರೆಯವರ ಮೇಲೆ ದೂರು ಇದ್ದರೆ ಹೇಳಬೇಕಾದ ಜಾಗ ಅದು.

ಆಮೇಲೆ ಸಿಟಿಆರ್‌ಐ ನಂಬರ್ ಕೇಳಿ. ಭಾರತದಲ್ಲಿ ನಡೆಯುವ ಪ್ರಯೋಗಗಳ ಸರಕಾರಿ ನೋಂದಣಿ ಇದು, 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ಕಡ್ಡಾಯ. ನಂಬರ್ ಹಾಕಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಏನು ಪರೀಕ್ಷಿಸುತ್ತಾರೆ, ಯಾವುದರ ಜೊತೆ ಹೋಲಿಸುತ್ತಾರೆ, ಎಷ್ಟು ಜನ, ಎಲ್ಲ ಅಲ್ಲಿ ಇರುತ್ತದೆ. ನಂಬರ್ ಕೊಡದವರ ಪ್ರಯೋಗಕ್ಕೆ ಸೇರಬೇಡಿ.

ಖರ್ಚು ಯಾರದ್ದು ಅಂತ ನೇರವಾಗಿ ಕೇಳಲಿಕ್ಕೆ ನಾಚಿಕೆ ಬೇಡ. ಪ್ರಯೋಗದ ಮಾತ್ರೆ ಉಚಿತವಾ, ಅದಕ್ಕಾಗಿ ಮಾಡುವ ರಕ್ತ ಪರೀಕ್ಷೆಗೆ ಬಿಲ್ ಯಾರಿಗೆ, ಹೆಚ್ಚುವರಿ ಸಲ ಬರಬೇಕಾದರೆ ಬಸ್ಸಿನ ದುಡ್ಡು ಕೊಡುತ್ತಾರಾ. ಬೈಂದೂರಿನಿಂದ ಬರುವವರಿಗೆ ಒಂದು ಹೆಚ್ಚುವರಿ ಭೇಟಿ ಅಂದರೆ ಒಂದು ದಿನದ ಕೂಲಿ, ಜೊತೆಗೆ ಬರುವವರದ್ದು ಇನ್ನೊಂದು. ಬಹಳಷ್ಟು ಪ್ರಯೋಗಗಳಲ್ಲಿ ಒಂದು ಡೈರಿ ಕೊಡುತ್ತಾರೆ. ದಿನಾ ಸಂಜೆ ನೋವು ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಬೇಕು. ಫೋನಿನಲ್ಲೇ ಹೇಳಿದರೆ ಸಾಕಾ ಅಂತ ಕೇಳಿ. ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ಮೂರನ್ನು ಎರಡು ಅಂತ, ಏಳನ್ನು ಐದು ಅಂತ ಬರೆಯಬೇಡಿ. ಇದ್ದದ್ದು ಇದ್ದ ಹಾಗೆ ಬರೆದರೆ ಮಾತ್ರ ಆ ಪ್ರಯೋಗಕ್ಕೆ ಬೆಲೆ.

2019ರ ನಿಯಮದ ಪ್ರಕಾರ ಪ್ರಯೋಗದ ವೇಳೆ ಆರೋಗ್ಯಕ್ಕೆ ಹಾನಿಯಾದರೆ ಚಿಕಿತ್ಸೆ ಉಚಿತ. ಅದು ಪ್ರಯೋಗದಿಂದಲೇ ಆದದ್ದು ಅಂತಾದರೆ ಪರಿಹಾರವೂ ಸಿಗಬೇಕು. ಯಾವಾಗ ಬೇಕಾದರೂ ಬಿಟ್ಟು ಹೊರಬರಬಹುದು, ಕಾರಣ ಹೇಳಬೇಕೆಂದಿಲ್ಲ, ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಬಿಡುವಾಗ ಉಳಿದ ಮಾತ್ರೆ ವಾಪಸ್ ಕೊಡಿ, ಕೆಲವು ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು, ಅದನ್ನು ಕೇಳಿಕೊಳ್ಳಿ.

ಪ್ರಯೋಗಕ್ಕೆ ಸೇರದೆ, ಚೀಟಿಯ ಮದ್ದಿನಿಂದಲೇ ತೊಂದರೆಯಾದರೂ ಅದನ್ನು ದಾಖಲಿಸಬಹುದು. ಮದ್ದಿನ ಅಡ್ಡಪರಿಣಾಮ ತಿಳಿಸಲಿಕ್ಕೆ ಸರಕಾರದ ಉಚಿತ ಸಹಾಯವಾಣಿ 1800-180-3024 ಇದೆ. ಪ್ರಯೋಗದಲ್ಲಿದ್ದರೆ ಅವರು ಕೊಟ್ಟ ಕಾರ್ಡು ಅಥವಾ ಫೋನ್ ನಂಬರ್ ಬರೆದ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. ಊರಿನ ಡಾಕ್ಟರ ಹತ್ತಿರ ಕೆಮ್ಮಿಗೆ ಹೋದರೂ ಅದನ್ನು ಮೊದಲು ತೋರಿಸಿ, ಆಮೇಲೆ ಮದ್ದು ಬರೆಸಿಕೊಳ್ಳಿ.